ಇಂಜಿನ್ ಆರಿಸಿಕೊಟ್ಟ ಮೇಡಂ

ಮೇಡಂ ತೀರಿಕೊಂಡ ಸುದ್ದಿ ಹೇಳಿದವನು ಹೆಬ್ಬಾಳದ ಗ್ಯಾರೇಜಿನ ಮುನಿರಾಜು. ಹೇಳಿ ಮುಗಿಸಿದ ಮೇಲೂ ಫೋನ್ ಇಡಲಿಲ್ಲ. "ಸಾರ್, ಇನ್ಮೇಲೆ ಅನುಮಾನ ಬಂದ್ರೆ ಯಾರನ್ನ ಕೇಳೋದು?" ಎಂದ.

ಅವರು ನನ್ನ ನೆಂಟರಲ್ಲ. ನನಗೆ ಪಾಠ ಹೇಳಿದವರಲ್ಲ. ನನ್ನ ಒಂದು ಹಳೆಯ ಕಾರಿಗೆ ಯಾವ ಇಂಜಿನ್ ಹಾಕಬೇಕು ಎಂದು ಆರಿಸಿಕೊಟ್ಟರು, ಅಷ್ಟೆ. ಹಾಗೆ ಆರಿಸುವುದಕ್ಕೆ ಅವರು ಸುಮಾರು ಹತ್ತು ತಿಂಗಳು ತೆಗೆದುಕೊಂಡರು. ಆ ಹತ್ತು ತಿಂಗಳಲ್ಲಿ ನಾನು ಅವರ ಮೇಲೆ ಸಿಟ್ಟಾಗಿದ್ದೇನೆ, ಅವರನ್ನು ತಪ್ಪಿಸಿಕೊಂಡು ತಿರುಗಿದ್ದೇನೆ, ಕೊನೆಗೆ ಅವರ ಹಿಂದೆ ಟೇಪು ಹಿಡಿದುಕೊಂಡು ಓಡಾಡಿದ್ದೇನೆ. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ. ನನ್ನದು ಯಶವಂತಪುರದಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಒಮ್ಮೆ ಖುಷಿಯಲ್ಲಿ, ನಿಮಗೊಂದು ವಿಸಿಟಿಂಗ್ ಕಾರ್ಡ್ ಹಾಕಿಕೊಡುತ್ತೇನೆ ಮೇಡಂ ಎಂದಿದ್ದೆ. "ಯಾಕೆ? ನನ್ನ ಹೆಸರು ನನಗೆ ಗೊತ್ತಿದೆಯಲ್ಲ," ಎಂದಿದ್ದರು.

ಕಾರು ನನಗೆ ಸಿಕ್ಕಿದ್ದು ಅಲ್ಲಾಳಸಂದ್ರದಲ್ಲಿ. ಅಲ್ಲಿನ ಗೌಡರೊಬ್ಬರ ಮಗಳ ಮದುವೆಗೆ ಲಗ್ನಪತ್ರಿಕೆ ಅಚ್ಚು ಮಾಡುತ್ತಿದ್ದೆ. ಪ್ರೂಫ್ ತೋರಿಸಲು ಹೋದಾಗ, ದನಗಳಿಲ್ಲದ ಅವರ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ಏನೋ ತಗ್ಗಾಗಿ ಮಲಗಿದಂತೆ ಕಂಡಿತು. ಎತ್ತಿ ನೋಡಿದರೆ ಎರಡೇ ಸೀಟಿನ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಬಟ್ಟೆಯ ಟಾಪು ಹರಿದು ಹೋಗಿತ್ತು. ಕೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬಾಗಿಲಿನ ಹಿಡಿ ನನ್ನ ಮಂಡಿಗಿಂತ ಸ್ವಲ್ಪ ಮೇಲಿತ್ತು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

"ಅದಾ? ಆಗಿನ ಕಾಲ್ದಾಗೆ ಸೋಕಿಗೆ ತಗಂಡಿದ್ದೆ," ಎಂದರು ಗೌಡರು. "ಇಂಜಿನ್ ಓಯ್ತು. ಆವಾಗ್ಲಿಂದ ಇಂಗೇ ನಿಂತದೆ. ಬೇಕಿದ್ರೆ ತಗಂಡೋಗಿ. ಕೋಳಿ ಬುಟ್ಟು."

ನನಗೆ ಆಗ ನಲವತ್ತೇಳು ವರ್ಷ. ಅಲ್ಲಿಯವರೆಗೆ ಅಗತ್ಯವಿಲ್ಲದ ಒಂದು ವಸ್ತುವನ್ನೂ ಕೊಂಡವನಲ್ಲ. ಆ ಕಾರನ್ನು ಕೊಂಡೆ.

ಮುನಿರಾಜು ಬಾನೆಟ್ ತೆಗೆದು ಟಾರ್ಚ್ ಬಿಟ್ಟು ತೋರಿಸಿದ. ಇಂಜಿನ್ನಿನ ಪಕ್ಕದಲ್ಲಿ ಒಂದು ಮುಷ್ಟಿ ಹೋಗುವಷ್ಟು ತೂತು. ಒಳಗಿನ ಕನೆಕ್ಟಿಂಗ್ ರಾಡ್ ಮುರಿದು, ಎರಕದ ಕಬ್ಬಿಣವನ್ನು ಒಡೆದುಕೊಂಡು ಹೊರಗೆ ಬಂದಿತ್ತು. ರಿಪೇರಿಯ ಮಾತೇ ಇಲ್ಲ, ಬೇರೆ ಇಂಜಿನ್ನೇ ಹಾಕಬೇಕು ಎಂದ. ಅಂಥದೇ ಇಂಜಿನ್ ಹುಡುಕಿದೆವು, ಎಲ್ಲೂ ಸಿಗಲಿಲ್ಲ. ಆಮೇಲೆ ನನಗೆ ಸಲಹೆಗಳ ಸುರಿಮಳೆ. ಪ್ರೆಸ್ಸಿಗೆ ಬರುವ ಗೆಳೆಯನೊಬ್ಬ, "ಜಪಾನಿಂದು ಆರು ಸಿಲಿಂಡರ್ ಹಾಕ್ಸು ಗುರು. ಇನ್ನೂರು ಹಾರ್ಸ್‌ಪವರ್. ಏರ್‌ಪೋರ್ಟ್ ರೋಡಲ್ಲಿ ಬಿಟ್ರೆ ಪ್ಲೇನು ಹಿಂದೆ ಬೀಳ್ಬೇಕು," ಎಂದ. ನನ್ನ ಮನಸ್ಸು ಅಲ್ಲಿಗೇ ನಿಂತಿತು. ಮುನಿರಾಜು ಮಾತ್ರ ತಲೆ ಕೆರೆದುಕೊಂಡು, "ಹಾಕೋದು ಹಾಕ್ಬೋದು ಸಾರ್. ಒಂದ್ಸಲ ಮೇಡಂನ ಕೇಳಿಬಿಡಿ," ಎಂದ.

ಹೀಗೆ ನಾನು ಆರ್.ಟಿ. ನಗರದ ಆ ಮನೆಗೆ ಹೋದದ್ದು. ಮಹಡಿಯ ಮೇಲೆ ಅವರ ತಮ್ಮನ ಸಂಸಾರ, ಕೆಳಗಿನ ಎರಡು ಕೋಣೆಯಲ್ಲಿ ಅವರೊಬ್ಬರೇ. ಎಪ್ಪತ್ತರ ಹತ್ತಿರದ ವಯಸ್ಸು. ನೂಲಿನ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಮಾತಾಡುವಾಗ ಬಲಗಡೆ ಬಂದು ಕೂರಲು ಹೇಳಿದರು. ಒಂದು ಕಾರ್ಖಾನೆಯ ಇಂಜಿನ್ ಪರೀಕ್ಷೆಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಅವರ ಎಡಗಿವಿ ಪೂರ್ತಿ ಹೋಗಿತ್ತು.

"ಆರು ಸಿಲಿಂಡರ್ ಹಾಕ್ಸೋಣ ಅಂತಿದೀನಿ ಮೇಡಂ," ಎಂದೆ.

"ಯಾಕೆ?"

"ಪವರ್ ಇರುತ್ತಲ್ಲ."

"ಹಳೇದಕ್ಕೆ ಎಷ್ಟಿತ್ತು?"

"ಗೊತ್ತಿಲ್ಲ."

"ಅದರ ತೂಕ ಎಷ್ಟು?"

ಅದೂ ಗೊತ್ತಿರಲಿಲ್ಲ.

"ಹೋಗ್ಲಿ, ಅದು ಯಾಕೆ ಕೆಟ್ಟೋಯ್ತು?"

"ಹಳೇದಾಗಿತ್ತು ಮೇಡಂ, ಹೋಯ್ತು."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಬೇಸರವಿರಲಿಲ್ಲ ಆ ನೋಟದಲ್ಲಿ, ನಿಜವಾದ ಆಶ್ಚರ್ಯವಿತ್ತು. "ಅಲ್ಲ ಕಣ್ರೀ, ಹಳೇದು ಯಾಕೆ ಕೆಡ್ತು ಅಂತ ತಿಳೀದೆ ಹೊಸದು ಹೆಂಗೆ ಆರಿಸ್ತೀರಾ? ಅದೇ ಕಾರಣ ಕಾರಲ್ಲೇ ಕೂತಿದ್ರೆ ಹೊಸದನ್ನೂ ತಿನ್ನುತ್ತೆ." ಕಾಫಿ ಕೊಟ್ಟರು. ಹೊರಡುವಾಗ, "ಭಾನುವಾರ ಗ್ಯಾರೇಜಿಗೆ ಬರ್ತೀನಿ. ಅಲ್ಲೀವರೆಗೆ ಯಾವುದನ್ನೂ ತೊಳೀಬೇಡಿ," ಎಂದರು.

ಭಾನುವಾರ ಬಸ್ಸಿನಲ್ಲಿ ಬಂದರು. ಮುನಿರಾಜು ಇಂಜಿನ್ ಬಿಚ್ಚಿದ. ಒಳಗಿನಿಂದ ಅರ್ಧ ಬಳೆಯಂಥ ಬೇರಿಂಗ್ ತುಂಡುಗಳನ್ನು ಒಂದೊಂದಾಗಿ ತೆಗೆದು ಮೇಡಂ ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿದರು. ಮೊದಲಿನವು ಬೆಳ್ಳಗೆ ಇದ್ದವು. ಕೊನೆಯ ಎರಡು ಸೀದು ನೀಲಿಗಪ್ಪಾಗಿದ್ದವು. ಅವುಗಳನ್ನು ನನ್ನ ಅಂಗೈಯಲ್ಲಿಟ್ಟು, "ಮುಟ್ಟಿ ನೋಡಿ. ಇದಕ್ಕೆ ಎಣ್ಣೆ ಸಿಕ್ಕಿಲ್ಲ. ಎಣ್ಣೆ ಇಲ್ದೆ ಉಜ್ಜಿ ಉಜ್ಜಿ ಹಿಡ್ಕೊಂಡಿದೆ, ರಾಡ್ ಮುರಿದಿದೆ," ಎಂದರು. ಎಣ್ಣೆ ಕಮ್ಮಿ ಹಾಕಿರಬೇಕು ಎಂದ ಮುನಿರಾಜು. "ಇರಬಹುದು. ಇಲ್ದೇನೂ ಇರಬಹುದು. ಓಡಿಸ್ದವರು ಇದಾರಾ?" ಎಂದರು ಮೇಡಂ.

ಅವತ್ತೇ ಮಧ್ಯಾಹ್ನ ಮೂವರೂ ಅಲ್ಲಾಳಸಂದ್ರಕ್ಕೆ ಹೋದೆವು. ಗೌಡರು ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಮೇಡಂ ಕೇಳಿದ ಮೊದಲ ಪ್ರಶ್ನೆಗೇ ವಿಷಯ ಹೊರಬಂತು.

"ಕೆಂಪು ದೀಪ ಒಂದು ಉರೀತಿತ್ತು ಕಣವ್ವ," ಎಂದರು ಗೌಡರು. "ಸುಮ್ಕೆ ಕಣ್ಣಿಗೆ ಒಡೀತದೆ ಅಂತ ವೈರ್ ಕೀಳ್ಸಿದ್ದೆ."

ನಾನು ನಗು ತಡೆದುಕೊಂಡೆ. ಮುನಿರಾಜು ತಡೆದುಕೊಳ್ಳಲಿಲ್ಲ. ಮೇಡಂ ಚೀಲದಿಂದ ನೋಟ್‌ಬುಕ್ ತೆಗೆದರು. "ಯಾವಾಗ್ಲೂ ಉರೀತಿತ್ತಾ, ಒಂದೊಂದ್ಸಲ ಮಾತ್ರನಾ?"

ಗೌಡರು ಯೋಚಿಸಿದರು. "ಯಾವಾಗ್ಲೂ ಇಲ್ಲ. ಇಲ್ಲಿ ಕೆರೆ ಏರಿ ಮ್ಯಾಲೆ ಉದ್ದ ತಿರುವು ಅದೆಯಲ್ಲ, ಅಲ್ಲಿ ತಿರುಗ್ಸುವಾಗ."

"ಯಾವ ಕಡೆಗೆ?"

ಗೌಡರು ಗಾಳಿಯಲ್ಲಿ ಸ್ಟೀರಿಂಗ್ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸಿದರು. "ಎಡಕ್ಕೆ."

ಮೇಡಂ ಬರೆದುಕೊಂಡರು. ವಾಪಸು ಬರುವಾಗ ವಿವರಿಸಿದರು. ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತಟ್ಟೆಯಂಥದ್ದು ಇರುತ್ತದೆ, ಮೆಕ್ಯಾನಿಕ್‌ಗಳು ಅದನ್ನು ಚೇಂಬರ್ ಎನ್ನುತ್ತಾರೆ. ಜೋರಾಗಿ ತಿರುಗಿದಾಗ ಎಣ್ಣೆಯೆಲ್ಲ ಒಂದು ಮೂಲೆಗೆ ಓಡುತ್ತದೆ. ಆಗ ಪಂಪು ಎಣ್ಣೆಯ ಬದಲು ಗಾಳಿ ಎಳೆದುಕೊಳ್ಳುತ್ತದೆ. ಕೆಲವು ಸೆಕೆಂಡು ಮಾತ್ರ. ಆದರೆ ಪ್ರತಿ ದಿನ, ಪ್ರತಿ ತಿರುವಿನಲ್ಲೂ ಕೆಲವು ಸೆಕೆಂಡು. ಹೇಳುತ್ತಾ ಹೇಳುತ್ತಾ ಅವರ ಮುಖ ಅರಳಿತ್ತು. ಎಷ್ಟೋ ವರ್ಷಗಳ ಹಿಂದೆ ಸತ್ತ ಒಂದು ಇಂಜಿನ್ನಿನ ಕೊನೆಯ ಗಳಿಗೆ ಹೇಗಿತ್ತು ಎಂದು ತಿಳಿದದ್ದೇ ಅವರಿಗೆ ಆ ದಿನದ ಸಂಪಾದನೆ.

ಮುಂದಿನ ವಾರ ಒಡೆದ ಇಂಜಿನ್ನನ್ನು ಟಿ. ದಾಸರಹಳ್ಳಿಯ ಗುಜರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಂಗಡಿಯವನು ಕಬ್ಬಿಣಕ್ಕೆ ರೇಟು ಹೇಳತೊಡಗಿದ. "ಮಾರಲ್ಲಪ್ಪ, ತೂಕ ಮಾತ್ರ ನೋಡ್ಬೇಕು," ಎಂದರು ಮೇಡಂ. ನೂರ ಇಪ್ಪತ್ತಾರು ಕೆಜಿ ಬಂತು. ಮತ್ತೆ ವಾಪಸು ಹೊತ್ತುಕೊಂಡು ಬಂದೆವು. ನಾನು ಬಯಸಿದ್ದ ಆರು ಸಿಲಿಂಡರಿನ ಇಂಜಿನ್ ಅದಕ್ಕಿಂತ ಸುಮಾರು ನೂರು ಕೆಜಿ ಹೆಚ್ಚು ತೂಗುತ್ತಿತ್ತು.

"ಕಾರಿನ ಮೂಗಿನ ಮೇಲೆ ಒಂದೂವರೆ ಆಳು ಕೂರಿಸ್ದಂಗೆ," ಎಂದರು. "ಸ್ಟೀರಿಂಗ್ ಭಾರ ಆಗುತ್ತೆ. ಸ್ಪ್ರಿಂಗ್ ಕೂತ್ಕೊಳ್ಳುತ್ತೆ. ಬ್ರೇಕು ನೋಡಿದೀರಾ? ತಟ್ಟೆ ಇಡ್ಲಿಯಷ್ಟಿದೆ. ಓಡೋಕೆ ಇನ್ನೂರು ಹಾರ್ಸ್‌ಪವರ್ ತಂದ್ರಿ, ನಿಲ್ಲೋಕೆ ಏನ್ ತರ್ತೀರಾ?"

ನಾನು ಸೋಲಲಿಲ್ಲ. ಬ್ರೇಕೂ ಬದಲಾಯಿಸೋಣ ಎಂದೆ. ಅವರು ವಾದಿಸಲಿಲ್ಲ. ಅದು ಅವರ ರೀತಿಯೇ ಆಗಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ, ಇನ್ನೊಂದು ಅಳತೆ ತೆಗೆಯಲು ಹೇಳುತ್ತಿದ್ದರು. ಈ ಸಲ ಕೇಳಿದ್ದು, "ನಿಮ್ಮ ಪ್ರೆಸ್ಸಲ್ಲಿ ದಪ್ಪ ರಟ್ಟು ಇದೆಯಾ?"

ಮೂರು ಇಂಜಿನ್ ಪಟ್ಟಿಯಲ್ಲಿದ್ದವು. ಮೊದಲನೆಯದು ನನ್ನ ಆರು ಸಿಲಿಂಡರ್. ಎರಡನೆಯದು ಒಂದು ಹೊಸ ಮಾದರಿಯ ಕಾರಿನ ನಾಲ್ಕು ಸಿಲಿಂಡರ್, ಅದು ಮುನಿರಾಜುವಿನ ಆಯ್ಕೆ. ಮೂರನೆಯದನ್ನು ಮೇಡಂ ಸೇರಿಸಿದ್ದರು. ನಮ್ಮ ಊರಿನ ಎಲ್ಲ ಬೀದಿಯಲ್ಲೂ ನೀರಿನ ಕ್ಯಾನು, ಸ್ಕೂಲು ಮಕ್ಕಳು, ತರಕಾರಿ ಹೊತ್ತು ಓಡಾಡುವ ವ್ಯಾನಿನ ಇಂಜಿನ್. ಮೂರರ ಉದ್ದ, ಅಗಲ, ಎತ್ತರವನ್ನು ಮೇಡಂ ಎಲ್ಲೆಲ್ಲಿಂದಲೋ ಅಳೆದು ತಂದರು. ನಾನು ರಟ್ಟು ಕತ್ತರಿಸಿ, ಗೋಂದು ಹಚ್ಚಿ, ಮೂರು ಇಂಜಿನ್ ಮಾಡಿದೆ. ಎಣ್ಣೆಯ ಚೇಂಬರ್, ಹೊಗೆ ಹೋಗುವ ಪೈಪು ಎಲ್ಲವನ್ನೂ ರಟ್ಟಿನಲ್ಲೇ ಮಾಡಿದೆ. ಪ್ರೆಸ್ಸಿನಲ್ಲಿ ಬಿಲ್‌ಬುಕ್ ತಗೊಳ್ಳಲು ಬಂದವರು ಗಣೇಶನಿಗೆ ಮಂಟಪವೇ ಎಂದು ಕೇಳುತ್ತಿದ್ದರು.

ಗ್ಯಾರೇಜಿನಲ್ಲಿ ಆ ರಟ್ಟಿನ ಇಂಜಿನ್‌ಗಳನ್ನು ಒಂದೊಂದಾಗಿ ಕಾರಿನೊಳಗೆ ಇಳಿಸಿದೆವು. ಆರು ಸಿಲಿಂಡರ್ ಉದ್ದಕ್ಕೇ ಹಿಡಿಸಲಿಲ್ಲ. ಇಂಜಿನ್ನಿಗೂ ಕೂರುವವರಿಗೂ ನಡುವಿನ ತಗಡಿನ ಗೋಡೆಯನ್ನು ಕತ್ತರಿಸಿದರೆ ಮಾತ್ರ ಕೂರುತ್ತಿತ್ತು. ಹಾಗೆ ಮಾಡಿದರೆ ನನ್ನ ಕಾಲಿಗೆ ಜಾಗವಿಲ್ಲ. ಎರಡನೆಯದು ಕೂತಿತು, ಆದರೆ ಅದರ ಹೊಗೆ ಪೈಪು ನೇರವಾಗಿ ಸ್ಟೀರಿಂಗ್ ರಾಡಿಗೆ ತಾಗುತ್ತಿತ್ತು. ಮೂರನೆಯದು ಉದ್ದಕ್ಕೂ ಅಗಲಕ್ಕೂ ಸರಿಹೋಯಿತು. ಬಾನೆಟ್ ಮಾತ್ರ ಎರಡು ಬೆರಳಿನಷ್ಟು ಮುಚ್ಚಲಿಲ್ಲ.

"ಇದು ನಿಮ್ಮ ಹಳೇದಕ್ಕಿಂತ ಮೂವತ್ತು ಕೆಜಿ ಕಮ್ಮಿ," ಎಂದರು ಮೇಡಂ. "ಪವರ್ ಹಳೇದಕ್ಕಿಂತ ಸ್ವಲ್ಪ ಜಾಸ್ತಿ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡೋ ಇಂಜಿನ್, ನಿಮ್ಮದೂ ಹಿಂದಿನ ಚಕ್ರಾನೇ. ಪಾರ್ಟು ಎಲ್ಲಾ ಕಡೆ ಸಿಗುತ್ತೆ."

ಎಲ್ಲವೂ ನಿಜ. ಆದರೆ ನನಗೆ ಅಳು ಬರುವುದೊಂದು ಬಾಕಿ. ಸಂಜೆ ಗೆಳೆಯನಿಗೆ ಹೇಳಿದಾಗ ಅವನು, "ಮಗಾ, ಬೆಳಿಗ್ಗೆ ಎಂಟಕ್ಕೆ ಸ್ಕೂಲ್ ಹತ್ರ ನಿಲ್ಸು, ಇಬ್ರು ಮಕ್ಕಳು ಸಿಗ್ತಾರೆ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಮೂರು ವಾರ ನಾನು ಮೇಡಂ ಫೋನ್ ಎತ್ತಲಿಲ್ಲ. ಗೋಡೆ ಕತ್ತರಿಸಿಯೇ ಬಿಡೋಣ, ಕಾಲು ಮಡಿಸಿಕೊಂಡು ಕೂರುತ್ತೇನೆ ಎಂದು ಮುನಿರಾಜುವಿಗೆ ಹೇಳಿಬಿಟ್ಟೆ.

ನಾಲ್ಕನೆಯ ವಾರ ಅವರೇ ಪ್ರೆಸ್ಸಿಗೆ ಬಂದರು. ಸಿಟ್ಟೇನೂ ಇರಲಿಲ್ಲ. ನನ್ನ ಮೇಜಿನ ಮೇಲಿದ್ದ ಒಂದು ಖಾಲಿ ಬಿಲ್‌ಬುಕ್ ಎತ್ತಿ ಕೈಗೆ ಕೊಟ್ಟರು. "ದಿನಾ ಓಡಿಸ್ತೀರಲ್ಲ ಇನ್ನೊಂದು ಕಾರು, ಅದರಲ್ಲಿ ಹದಿನೈದು ದಿನ ಒಂದು ಕೆಲಸ ಮಾಡಿ. ಯಾವಾಗೆಲ್ಲಾ ಆಕ್ಸಿಲರೇಟರ್ ಪೂರ್ತಿ ತುಳೀತೀರೋ ಆವಾಗೆಲ್ಲಾ ಒಂದು ಸಾಲು ಬರೀರಿ. ಎಲ್ಲಿ, ಎಷ್ಟೊತ್ತು ಅಂತ. ಆಮೇಲೂ ಆರು ಸಿಲಿಂಡರೇ ಬೇಕು ಅಂದ್ರೆ ಗೋಡೆ ಎಲ್ಲಿ ಕತ್ತರಿಸ್ಬೇಕು ಅಂತ ನಾನೇ ಗೆರೆ ಹಾಕ್ಕೊಡ್ತೀನಿ."

ಅವರನ್ನು ಸೋಲಿಸಲೆಂದೇ ಬರೆಯಲು ಶುರುಮಾಡಿದೆ. ಮನೆ ಯಲಹಂಕ, ಪ್ರೆಸ್ ಯಶವಂತಪುರ. ಕೆಲಸವಿಲ್ಲದಿದ್ದರೂ ತುಮಕೂರು ರಸ್ತೆಗೆ ಹೋಗಿ ಬಂದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಪೆನ್ನು ಹಿಡಿದುಕೊಂಡು ಅರ್ಧ ಅರ್ಧ ಗಂಟೆ ಕೂತಿದ್ದೇನೆ. ಹದಿನೈದು ದಿನದಲ್ಲಿ ಆರು ಸಾಲು ಆಯಿತು. ಎಲ್ಲಕ್ಕಿಂತ ಉದ್ದದ್ದು ಒಂಬತ್ತು ಸೆಕೆಂಡು. ಆ ಆರರಲ್ಲಿ ಎರಡು ಸಲ ನಾನು ಬೇಕೆಂದೇ ತುಳಿದದ್ದು.

ಬಿಲ್‌ಬುಕ್ ತೆಗೆದುಕೊಂಡು ಆರ್.ಟಿ. ನಗರಕ್ಕೆ ಹೋದೆ. ಅವರು ಆರು ಸಾಲನ್ನೂ ಗಮನವಿಟ್ಟು ಓದಿದರು. ಗೆದ್ದೆ ಎನ್ನುವ ಭಾವ ಮುಖದಲ್ಲಿ ಇರಲಿಲ್ಲ. ಓದಿ, "ಈ ಒಂಬತ್ತು ಸೆಕೆಂಡು ಚೆನ್ನಾಗಿತ್ತಾ?" ಎಂದು ಕೇಳಿದರು. ಚೆನ್ನಾಗಿತ್ತು ಎಂದೆ. "ಅದು ವ್ಯಾನಿನ ಇಂಜಿನ್ನಲ್ಲೂ ಸಿಗುತ್ತೆ," ಎಂದರು. ನಾನು ಒಪ್ಪಿಕೊಂಡೆ.

ಇಂಜಿನ್ ಬದಲಿಸಲು ಸಾರಿಗೆ ಕಚೇರಿಯ ಅನುಮತಿ ಕೈಗೆ ಬರುವವರೆಗೆ ಮೇಡಂ ಒಂದು ಬೋಲ್ಟು ಕೂಡ ಹಾಕಲು ಬಿಡಲಿಲ್ಲ. ಅನುಮತಿ ಬಂದ ಮೇಲೆ ಗುಜರಿಯಲ್ಲಿ ಅಂಥ ಇಂಜಿನ್‌ಗಳು ಐದು ಸಿಕ್ಕವು. ಒಂದೊಂದಕ್ಕೂ ಬ್ಯಾಟರಿ ಕೊಟ್ಟು ಚಾಲೂ ಮಾಡಿಸಿದರು. ಆಗ ನಾನು ಮೊದಲ ಬಾರಿ ಅವರು ಇಂಜಿನ್ "ಕೇಳುವುದನ್ನು" ನೋಡಿದೆ. ಒಂದು ಮೊಳದ ಮರದ ಕೋಲಿನ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ದವಡೆಯ ಮೂಳೆಗೆ ಹಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕಿವಿ ಹೋದ ಮೇಲೆ ಕಲಿತದ್ದಂತೆ. ಗುಜರಿ ಅಂಗಡಿಯ ಕೆಲಸಗಾರರೆಲ್ಲ ಸುತ್ತ ನಿಂತರು. ನಾಲ್ಕನೆಯ ಇಂಜಿನ್ನಿನ ಹತ್ತಿರ ಬಹಳ ಹೊತ್ತು ಹಾಗೇ ನಿಂತಿದ್ದು, ಕೋಲನ್ನು ನನ್ನ ದವಡೆಗೆ ಹಚ್ಚಿದರು. ಒಳಗೆ ಏನೋ ಸಣ್ಣಗೆ, ಒಂದೇ ಸಮನೆ, ಹೊಲಿಗೆ ಮೆಷಿನ್ನಿನ ಹಾಗೆ ಓಡುತ್ತಿತ್ತು. "ಇದು," ಎಂದರು.

ಬಾನೆಟ್ಟಿನ ಎರಡು ಬೆರಳಿನ ತೊಂದರೆಗೆ, ಅದನ್ನು ಕತ್ತರಿಸಿ ಮೇಲೊಂದು ಗೂನು ಬೆಸೆಯುವುದೆಂದು ಮುನಿರಾಜು ಹೇಳಿದ್ದ. ನನಗೆ ಒಳಗೊಳಗೇ ಖುಷಿಯಾಗಿತ್ತು, ಗೂನಿದ್ದರೆ ಕಾರು ಗತ್ತಾಗಿ ಕಾಣುತ್ತದೆ. ಮೇಡಂ ಮನಸ್ಸಿಲ್ಲದೆ ಒಪ್ಪಿದ್ದರು. ಇಂಜಿನ್ ಕೂರಿಸುವ ಮೌಂಟಿಂಗ್‌ಗಳನ್ನು ಮುನಿರಾಜು ಮೂರು ದಿನ ಕೂತು ಬೆಸೆದ. ರಸಮಟ್ಟ ಇಟ್ಟು ನೋಡಿದರೆ ಇಂಜಿನ್ ನೆಟ್ಟಗೆ ನಿಂತಿತ್ತು.

ಅದಾದ ನಾಲ್ಕನೆಯ ದಿನ, ಬೆಳಿಗ್ಗೆ ಪ್ರೆಸ್ ಬಾಗಿಲು ತೆಗೆಯುವಷ್ಟರಲ್ಲಿ ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು. ತಲೆ ಸರಿಯಾಗಿ ಬಾಚಿರಲಿಲ್ಲ.

"ನಾನು ತಪ್ಪು ಮಾಡಿದೀನಿ," ಎಂದರು. "ಬಾನೆಟ್ ಕತ್ತರಿಸ್ಬೇಡಿ ಅಂತ ಮುನಿರಾಜುಗೆ ಫೋನ್ ಮಾಡಿ. ಈಗ್ಲೇ."

ನಡೆದದ್ದು ಇಷ್ಟು. ಹಿಂದಿನ ದಿನ ಅವರ ಬೀದಿಗೆ ನೀರಿನ ಕ್ಯಾನಿನ ವ್ಯಾನು ಬಂದಿದೆ. ಡ್ರೈವರ್ ಏನೋ ನೋಡಲು ಮುಂದಿನ ಸೀಟು ಎತ್ತಿದ್ದಾನೆ. ಎತ್ತಿದ ಮೇಲೆ ಇವರು ಬಗ್ಗಿ ನೋಡದೆ ಇರುತ್ತಾರೆಯೇ. ಒಳಗೆ ಇಂಜಿನ್ ನೆಟ್ಟಗಿರಲಿಲ್ಲ. ಸೀಟಿನ ಕೆಳಗೆ ಹಿಡಿಸಲೆಂದು ಅದನ್ನು ಮಾಡಿದವರೇ ಒಂದು ಪಕ್ಕಕ್ಕೆ ವಾಲಿಸಿ ಕೂರಿಸಿದ್ದರು. ಎಣ್ಣೆಯ ಚೇಂಬರನ್ನೂ ಆ ವಾಲಿಗೆ ತಕ್ಕಂತೆ ಮಾಡಿದ್ದರು. ನಾವು ಗುಜರಿಯಲ್ಲಿ ಬಿಚ್ಚಿಟ್ಟಿದ್ದ ಇಂಜಿನ್ ಅಳೆದವರು, ವ್ಯಾನಿನೊಳಗೆ ಇದ್ದದ್ದನ್ನು ನೋಡಿರಲೇ ಇಲ್ಲ. ಒಂದು ವ್ಯಾನು ನೋಡಿದರೆ ಸಾಲದೆಂದು ಮೇಡಂ ಅಂಗಡಿಯಿಂದ ಸ್ಕೂಲು ಮಕ್ಕಳ ಕೋನಮಾಪಕ ತಂದು ಇನ್ನೂ ಎರಡು ವ್ಯಾನು ನಿಲ್ಲಿಸಿ ಅಳೆದಿದ್ದರು. ಮೂರೂ ಒಂದೇ ವಾಲು.

ಆಟೋ ಹಿಡಿದು ಹೆಬ್ಬಾಳಕ್ಕೆ ಹೋದೆವು. ಮುನಿರಾಜು ಗ್ಯಾಸ್ ಕಟರ್ ಪಕ್ಕಕ್ಕಿಟ್ಟು ಕೂತಿದ್ದ. ಕೇಳಿಸಿಕೊಂಡು ಅವನ ಮುಖ ಬಿಗಿಯಾಯಿತು.

"ಮೂರು ದಿನ ಬೆಸೆದಿದೀನಿ ಮೇಡಂ. ನೆಟ್ಟಗಿದ್ರೂ ಓಡುತ್ತೆ. ಯಾರಿಗೂ ಗೊತ್ತಾಗಲ್ಲ."

"ಓಡುತ್ತೆ. ಒಂದೆರಡು ವರ್ಷ ಚೆನ್ನಾಗೇ ಓಡುತ್ತೆ. ಆಮೇಲೆ ಎಲ್ಲೋ ಒಂದು ಉದ್ದ ತಿರುವಲ್ಲಿ ಎಣ್ಣೆ ಪಂಪಿಗೆ ಸಿಗಲ್ಲ. ಮೊದಲನೇದು ಹೆಂಗೆ ಹೋಯ್ತು ನೋಡಿದೀಯಲ್ಲ."

"ಸಿಗದೇ ಹೋಗುತ್ತೆ ಅಂತ ಗ್ಯಾರಂಟಿ ಇದೆಯಾ?"

"ಇಲ್ಲ."

"ಮತ್ತೆ?"

ಮೇಡಂ ಒಂದು ಟೈರಿನ ಮೇಲೆ ಕೂತರು. ತಮ್ಮ ಕೆಲಸದ ದಿನಗಳ ಬಗ್ಗೆ ಅವರಾಗಿಯೇ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಾರ್ಖಾನೆಯಲ್ಲಿ ಒಮ್ಮೆ ಒಂದು ಇಂಜಿನ್ನಿನ ಪರೀಕ್ಷೆ ಮುಗಿಯುವ ಹೊತ್ತಿಗೆ ಅವರಿಗೆ ಏನೋ ಒಂದು ಸಣ್ಣ ಅದುರು ಕೇಳಿಸಿತಂತೆ. ಬೇರೆ ಯಾರಿಗೂ ಕೇಳಿಸಲಿಲ್ಲ. ಮೇಲಿನವರು ರಿಪೋರ್ಟಿಗೆ ಸಹಿ ಹಾಕಿ ಎಂದರು. ಇನ್ನೊಮ್ಮೆ ಓಡಿಸಿ ನೋಡದೆ ಹಾಕುವುದಿಲ್ಲ ಎಂದರು ಇವರು. "ಎರಡು ವರ್ಷ ಸ್ಟೋರ್ಸಿಗೆ ಹಾಕಿದ್ರು ನನ್ನ. ನಟ್ಟು ಬೋಲ್ಟು ಕೊಡೋ ಕಿಟಕೀಲಿ ಕೂತಿದ್ದೆ."

"ಇಂಜಿನ್ ಕೆಟ್ಟೋಯ್ತಾ?" ಎಂದು ಮುನಿರಾಜು ಕೇಳಿದ. ನಾನೂ ಅದನ್ನೇ ಕೇಳಬೇಕೆಂದಿದ್ದೆ.

"ಇಲ್ಲ. ಬೇರೆಯವರು ಸಹಿ ಹಾಕಿದ್ರು. ಅದು ಚೆನ್ನಾಗೇ ಓಡ್ತು. ನನ್ನ ಅನುಮಾನ ಸುಳ್ಳಾಯ್ತು." ಅವರು ನಕ್ಕರು. "ಆದ್ರೆ ಅವತ್ತು ನನಗೆ ಗೊತ್ತಿರ್ಲಿಲ್ಲ ಕಣಪ್ಪ. ಗೊತ್ತಿಲ್ದೆ ಗೊತ್ತಿದೆ ಅಂತ ಹೆಂಗೆ ಬರೀಲಿ? ಈಗಂತೂ ನನಗೆ ಗೊತ್ತಿದೆ. ತಪ್ಪು ನಂದು, ನಿಂದಲ್ಲ. ಕಿತ್ತಾಕಿ ಮತ್ತೆ ಬೆಸಿಯೋವರೆಗೆ ದಿನಾ ಬಂದು ನಿನ್ನ ಜೊತೆ ನಿಲ್ತೀನಿ."

ಮುನಿರಾಜು ಎದ್ದು ಹೋಗಿ ಗ್ಯಾಸ್ ಹಚ್ಚಿದ. ತನ್ನ ಕೈಯಾರೆ ಬೆಸೆದ ಮೌಂಟಿಂಗನ್ನು ತಾನೇ ಕತ್ತರಿಸತೊಡಗಿದ.

ಮೇಡಂ ಹೇಳಿದಂತೆಯೇ ದಿನಾ ಬಂದರು. ಎರಡು ಬಸ್ಸು ಬದಲಾಯಿಸಿ, ಊಟದ ಡಬ್ಬಿ ಹಿಡಿದು. ಚೈನಿನಲ್ಲಿ ನೇತಾಡುವ ಇಂಜಿನ್ನಿನ ಪಕ್ಕದಲ್ಲಿ ಕೋನಮಾಪಕ ಹಿಡಿದು ನಿಲ್ಲುತ್ತಿದ್ದರು. "ಇನ್ನೊಂಚೂರು, ಇನ್ನೊಂಚೂರು, ನಿಲ್ಸು" ಎನ್ನುತ್ತಿದ್ದರು. ಆರನೆಯ ದಿನ ಇಂಜಿನ್ ತನ್ನ ವಾಲಿನಲ್ಲಿ ಕೂತಿತು. ಮುನಿರಾಜು ಬೋಲ್ಟು ಬಿಗಿದು, ಏಕೋ ಏನೋ, ಬಾನೆಟ್ ಎತ್ತಿ ತಂದು ಮೇಲೆ ಇಟ್ಟು ನೋಡಿದ. ಅದು ಮುಚ್ಚಿಕೊಂಡಿತು. ವಾಲಿದ್ದರಿಂದ ಇಂಜಿನ್ನಿನ ಎತ್ತರ ಕಮ್ಮಿಯಾಗಿತ್ತು. ಕತ್ತರಿಸುವುದೂ ಬೇಡ, ಗೂನೂ ಬೇಡ.

ಮುನಿರಾಜು ಮೇಡಂ ಕಡೆ ನೋಡಿದ. ಅವರು ಬಾನೆಟ್ಟಿನ ಅಂಚಿನಲ್ಲಿ ಬೆರಳು ಓಡಿಸುತ್ತಿದ್ದರು. ಸಂತೋಷಪಡುತ್ತಾರೆ ಎಂದುಕೊಂಡರೆ ಹುಬ್ಬು ಗಂಟಿಕ್ಕಿಕೊಂಡಿದ್ದರು. "ಎರಡು ಬೆರಳು ಎದ್ದಿತ್ತಲ್ಲ, ಆವಾಗ್ಲೇ ನಾನು ಯಾಕೆ ಅಂತ ಕೇಳ್ಬೇಕಿತ್ತು. ಯಾಕೆ ಕೇಳ್ಲಿಲ್ಲ?" ಎಂದು ತಮಗೇ ಹೇಳಿಕೊಂಡರು. ಮುನಿರಾಜು ಎರಡು ಟೀ ತರಿಸಿ ಒಂದನ್ನು ಅವರ ಬಲಗಡೆ ಇಟ್ಟ.

ಕಾರು ರಸ್ತೆಗೆ ಇಳಿದದ್ದು ಒಂದು ಭಾನುವಾರ ಬೆಳಿಗ್ಗೆ. ಪಕ್ಕದ ಸೀಟಿನಲ್ಲಿ ಮೇಡಂ ಕೂತರು. ಸೀಟು ಅಷ್ಟು ತಗ್ಗು, ಮುನಿರಾಜು ಕೈಹಿಡಿದು ಇಳಿಸಬೇಕಾಯಿತು. ತಲೆಗೆ ಸೆರಗು ಬಿಗಿದು ಕಟ್ಟಿಕೊಂಡರು. ಎಣ್ಣೆಯ ಒತ್ತಡ ತೋರಿಸುವ ಒಂದು ಹೊಸ ಮೀಟರನ್ನು ಅವರ ಕಣ್ಣೆದುರಿಗೇ ಹಾಕಿಸಿದ್ದೆವು. ಹೆಬ್ಬಾಳದ ಫ್ಲೈಓವರಿನ ಸುತ್ತು ತಿರುವಿಗೆ ಕರೆದುಕೊಂಡು ಹೋಗಿ ಎಂದರು. ಹೋದೆ. ಮೂರು ಸಲ ಅದೇ ತಿರುವು ಹತ್ತಿಳಿದೆ. ಪ್ರತಿ ಸಲವೂ "ಇನ್ನು ಸ್ವಲ್ಪ ಜೋರು" ಎಂದರು. ಅವರ ಕಣ್ಣು ಮೀಟರ್ ಬಿಟ್ಟು ಕದಲಲಿಲ್ಲ. ಮುಳ್ಳೂ ಕದಲಲಿಲ್ಲ. ಮೂರನೆಯ ಸಲ ನೋಟ್‌ಬುಕ್ ತೆಗೆದು ಏನೋ ಬರೆದು, ಮುಚ್ಚಿ, ಚೀಲಕ್ಕೆ ಹಾಕಿದರು.

ಇನ್ನು ಮನೆಗೆ ಬಿಡಬೇಕೆಂದು ಆರ್.ಟಿ. ನಗರದ ಕಡೆಗೆ ಇಂಡಿಕೇಟರ್ ಹಾಕಿದೆ.

"ನೇರ ಹೋಗಿ," ಎಂದರು.

"ಎಲ್ಲಿಗೆ ಮೇಡಂ?"

ಯಲಹಂಕ ದಾಟುವಾಗ, ಗಾಳಿಯ ಸದ್ದಿನ ಮೇಲೆ ಸ್ವಲ್ಪ ಎತ್ತರದ ದನಿಯಲ್ಲಿ ಹೇಳಿದರು. "ಇಷ್ಟು ವರ್ಷ ಓಡಿಸಿದೀನಲ್ಲ, ಎಲ್ಲಾ ಕಾಂಕ್ರೀಟಿಗೆ ಬೋಲ್ಟ್ ಹಾಕಿದ ಇಂಜಿನ್ನು. ಇಲ್ಲಿಂದ ದೆಹಲಿಗೆ ಹೋಗಿ ಬರೋಷ್ಟು ಓಡಿಸ್ತಿದ್ವಿ ಒಂದೊಂದನ್ನ. ಬಾಗಿಲು ತೆಗೆದ್ರೆ ಅದೇ ಕೋಣೆ, ಅದೇ ಗಡಿಯಾರ. ನಾನು ನೋಡ್ಕೊಂಡ ಇಂಜಿನ್ ಒಂದೂ ನನ್ನ ಎಲ್ಲಿಗೂ ಕರ್ಕೊಂಡು ಹೋಗಿರ್ಲಿಲ್ಲ."

"ಎಲ್ಲಿಗೆ ಹೋಗೋಣ ಹೇಳಿ ಮೇಡಂ," ಎಂದು ಮತ್ತೆ ಕೇಳಿದೆ.

"ಪೆಟ್ರೋಲ್ ಎಷ್ಟಿದೆ?"

"ಅರ್ಧ ಟ್ಯಾಂಕ್."

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಕಾಲು ಆಗೋವರೆಗೆ ಹೋಗಿ. ಆಮೇಲೆ ತಿರುಗ್ಸಿ. ವಾಪಸ್ ಬರೋಕೆ ಕಾಲು ಬೇಕಾಗುತ್ತೆ."

ವಿಮಾನ ನಿಲ್ದಾಣದ ತಿರುವು ದಾಟಿದೆವು. ದೇವನಹಳ್ಳಿ ದಾಟಿದೆವು. ಎಡಕ್ಕೆ ನಂದಿಬೆಟ್ಟ ಬಿಸಿಲಿಗೆ ತೆರೆದುಕೊಂಡಿತ್ತು. ದ್ರಾಕ್ಷಿ ತೋಟಗಳು, ಗುಲಾಬಿಯ ಪ್ಲಾಸ್ಟಿಕ್ ಮನೆಗಳು ಹಿಂದೆ ಸರಿದವು. ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಸೆರಗು ಜಾರಿ ಬೆಳ್ಳಿ ಕೂದಲು ಹಾರುತ್ತಿತ್ತು, ಸರಿಮಾಡಿಕೊಳ್ಳಲಿಲ್ಲ.

ಪೆಟ್ರೋಲಿನ ಮುಳ್ಳು ಕಾಲು ಟ್ಯಾಂಕಿಗೆ ಬಂದದ್ದು ಚಿಕ್ಕಬಳ್ಳಾಪುರ ದಾಟಿದ ಮೇಲೆ. ನಾನು ಅದನ್ನು ಹೇಳಲಿಲ್ಲ, ಕಾರು ತಿರುಗಿಸಲೂ ಇಲ್ಲ. ಅವರೂ ಮೀಟರ್ ಕಡೆ ನೋಡುತ್ತಿರಲಿಲ್ಲ.